ಒಂದು ‘ರೀಡ್’ ಹಿಡಿದು ಲಿನಕ್ಸ್ ಕರ್ನಲ್ ಒಳಗೆ ಹೋದೆ

ಫೈಲ್ ಓದಲು ಪ್ರೋಗ್ರಾಮಿನಲ್ಲಿ ‘ರೀಡ್’ ಅಂತ ಬರೆಯುತ್ತೇವೆ. ಅದರಾಚೆ ಏನಾಗುತ್ತದೆ? ಈ ಒಂದೇ ಪ್ರಶ್ನೆ ಇಟ್ಟುಕೊಂಡು ನಾನು ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸೋರ್ಸ್ ಕೋಡ್ ಓದಲು ಕೂತೆ. ಅದಕ್ಕೂ ಮುಂಚೆ ಎರಡು ಸಲ ಮೊದಲ ಫೋಲ್ಡರ್‌ನಿಂದ ಸುಮ್ನೆ ಓದುತ್ತಾ ಹೋಗಿ ಕೈಬಿಟ್ಟಿದ್ದೆ. ಕೋಟಿಗಟ್ಟಲೆ ಸಾಲುಗಳಿರುವ ಕೋಡ್ ಅದು. ಕೈಯಲ್ಲಿ ಒಂದು ಪ್ರಶ್ನೆ ಇಲ್ಲದೆ ಒಳಗೆ ಹೋದರೆ ಏನೂ ದಕ್ಕುವುದಿಲ್ಲ.

ಕರ್ನಲ್ ಡಾಟ್ ಆರ್ಗ್‌ನಿಂದ ಎಲ್ಲಕ್ಕಿಂತ ಹೊಸ ಆವೃತ್ತಿ ಇಳಿಸಿಕೊಂಡೆ. ಅದೇ ತಪ್ಪಾಯಿತು. ಅದರಲ್ಲಿ ಎಲ್ಲಿ ನೋಡಿದರೂ ‘ಫೋಲಿಯೊ’ (ಮೆಮೊರಿಯ ಪುಟಗಳನ್ನು ಒಟ್ಟಾಗಿ ನಿಭಾಯಿಸುವ ರಚನೆ) ಎಂಬ ಹೆಸರು. ‘ಯುನೇಮ್ -ಆರ್’ ಕೊಟ್ಟು ನೋಡಿದರೆ ನನ್ನ ಉಬುಂಟು 22.04ರಲ್ಲಿ ಓಡುತ್ತಿದ್ದದ್ದು ಕರ್ನಲ್ 5.15. ಫೋಲಿಯೊ ಬಂದದ್ದೇ 5.16ರಲ್ಲಿ! ಕಲಿಯಲು ಓದುವವರಿಗೆ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಾಧನ) ತಮ್ಮ ಯಂತ್ರದಲ್ಲಿ ಓಡುವ ಆವೃತ್ತಿಯ ಟ್ಯಾಗ್ ತೆಗೆದುಕೊಂಡರೆ ಸಾಕು. ನಿಮ್ಮ ಯಂತ್ರದಲ್ಲಿ ಬಂದ ತೊಂದರೆಯನ್ನೇ ಹುಡುಕುತ್ತಿದ್ದರೆ ‘ಆ್ಯಪ್ಟ್ ಸೋರ್ಸ್’ ಮೂಲಕ ಉಬುಂಟುವಿನದೇ ಸೋರ್ಸ್ ತರಿಸಿಕೊಳ್ಳಿ. ಅವರು ತಮ್ಮ ಪ್ಯಾಚ್‌ಗಳನ್ನೂ ಸೇರಿಸಿರುತ್ತಾರೆ.

ಆಮೇಲೆ ಕರ್ನಲ್ ಒಳಗೆ ‘ರೀಡ್’ಗಿರುವ ಹೆಸರಾದ ‘ಸಿಸ್_ರೀಡ್’ ಅಂತ ಗಿಟ್ ಗ್ರೆಪ್ (ಇಡೀ ಕೋಡ್‌ನಲ್ಲಿ ಪದ ಹುಡುಕುವ ಆಜ್ಞೆ) ಮಾಡಿದೆ. ಹೆಡರ್ ಫೈಲ್‌ನಲ್ಲಿ ಹೆಸರು ಸಿಕ್ಕಿತು, ಫಂಕ್ಷನ್‌ನ ಒಡಲು ಮಾತ್ರ ಎಲ್ಲೂ ಇಲ್ಲ. ಅರ್ಧ ದಿನ ಹುಡುಕಿದೆ. ಕಾರಣ ಇಷ್ಟೇ: ಸಿಸ್ಟಮ್ ಕಾಲ್‌ಗಳನ್ನು (ಪ್ರೋಗ್ರಾಮು ಕರ್ನಲ್‌ಗೆ ಕೊಡುವ ಕರೆಗಳು) ‘ಸಿಸ್‌ಕಾಲ್_ಡಿಫೈನ್3’ ತರಹದ ಮ್ಯಾಕ್ರೊಗಳಲ್ಲಿ ಬರೆದಿರುತ್ತಾರೆ. ಆ 3 ಅಂದರೆ ಮೂರು ಆರ್ಗ್ಯುಮೆಂಟ್. ಪೂರ್ತಿ ಹೆಸರನ್ನು ಮ್ಯಾಕ್ರೊ ಕಂಪೈಲ್ ಹೊತ್ತಿಗೆ ಜೋಡಿಸುತ್ತದೆ, ಅದಕ್ಕೇ ಹುಡುಕಿದರೆ ಸಿಗುವುದಿಲ್ಲ. ಮ್ಯಾಕ್ರೊದ ಹೆಸರಿನ ಜೊತೆ ಆವರಣದೊಳಗೆ ‘ರೀಡ್’ ಸೇರಿಸಿ ಹುಡುಕಿದ ತಕ್ಷಣ ‘ಎಫ್‌ಎಸ್’ ಫೋಲ್ಡರ್‌ನ ‘ರೀಡ್_ರೈಟ್.ಸಿ’ ತೆರೆದುಕೊಂಡಿತು.

ಅಲ್ಲಿಂದ ‘ಕೆಸಿಸ್_ರೀಡ್’, ಅಲ್ಲಿಂದ ‘ವಿಎಫ್‌ಎಸ್_ರೀಡ್’. ಇಲ್ಲಿ ದಾರ ಕಡಿಯುತ್ತದೆ. ಮುಂದಿನ ಕರೆ ಫಂಕ್ಷನ್ ಪಾಯಿಂಟರ್ ಮೂಲಕ, ಅಂದರೆ ಯಾವ ಫಂಕ್ಷನ್ ಅನ್ನುವುದು ಓಡುವಾಗಷ್ಟೇ ತೀರ್ಮಾನವಾಗುತ್ತದೆ: ‘ರೀಡ್_ಇಟರ್’. ಈ ಹೆಸರನ್ನು ಹುಡುಕಿದರೆ ರಾಶಿ ರಾಶಿ ಫೈಲ್‌ಗಳು ಬರುತ್ತವೆ. ನಾನು ಓದುತ್ತಿರುವ ಫೈಲ್ ಯಾವ ಫೈಲ್ ಸಿಸ್ಟಮ್‌ನಲ್ಲಿದೆ ಅಂತ ಕೇಳಿಕೊಂಡ ಮೇಲೆ ದಾರಿ ಸಿಕ್ಕಿತು. ನನ್ನದು ಇಎಕ್ಸ್‌ಟಿ4. ಅದರ ‘ಫೈಲ್.ಸಿ’ ತೆರೆದು ನೇರ ಕೊನೆಗೆ ಹೋದೆ. ಯಾವ ಕೆಲಸಕ್ಕೆ ಯಾವ ಫಂಕ್ಷನ್ ಅನ್ನುವ ಪಟ್ಟಿ ಸಾಮಾನ್ಯವಾಗಿ ಫೈಲ್‌ನ ಕೊನೆಯಲ್ಲೇ ಇರುತ್ತದೆ. ಈಗ ಯಾವ ಡ್ರೈವರ್ ತೆರೆದರೂ ಮೊದಲು ಕೊನೆಯಿಂದಲೇ ನೋಡುತ್ತೇನೆ.

ದಾರ ಮುಗಿದದ್ದು ‘ಎಂಎಂ’ ಫೋಲ್ಡರ್‌ನ ‘ಫೈಲ್‌ಮ್ಯಾಪ್.ಸಿ’ಯಲ್ಲಿ. ಡಿಸ್ಕ್‌ನಿಂದ ಓದುವ ಕೋಡ್ ಹುಡುಕಿ ಹೊರಟವನು ಮೆಮೊರಿಯ ಫೋಲ್ಡರ್‌ಗೆ ಬಂದಿದ್ದೆ! ಬೇಕಾದದ್ದು ಆಗಲೇ ರ್‍ಯಾಮ್‌ನಲ್ಲಿದೆಯಾ ಅಂತ ಕರ್ನಲ್ ಮೊದಲು ನೋಡುತ್ತದೆ, ಇಲ್ಲದಿದ್ದರೆ ಮಾತ್ರ ಡಿಸ್ಕ್. ರ್‍ಯಾಮ್‌ನ ಈ ಸಂಗ್ರಹವೇ ಪೇಜ್ ಕ್ಯಾಶ್. ಅದರ ಬಗ್ಗೆ ಮೊದಲೇ ಓದಿದ್ದೆ. ಅದು ನಿಜವಾಗಿ ಅರ್ಥವಾದದ್ದು ಆ ಸಂಜೆ.

ಬ್ರೌಸರ್‌ನಲ್ಲೇ ಓದುವವರಿಗೆ ಬೂಟ್‌ಲಿನ್ ನಡೆಸುವ ಎಲಿಕ್ಸರ್ ತುಂಬಾ ಚೆನ್ನಾಗಿದೆ. ಆವೃತ್ತಿ ಆರಿಸಿ, ಯಾವ ಹೆಸರಿನ ಮೇಲೆ ಒತ್ತಿದರೂ ಅದು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಬಳಕೆಯಾಗಿದೆ ಅಂತ ತೋರಿಸುತ್ತದೆ. ನನ್ನ ಯಂತ್ರದಲ್ಲಿ ಗಿಟ್ ಗ್ರೆಪ್ ಜೊತೆಗೆ ‘ಮೇಕ್ ಸಿಸ್ಕೋಪ್’ ಬಳಸುತ್ತೇನೆ. ಈ ಫಂಕ್ಷನ್ನನ್ನು ಯಾರು ಕರೆಯುತ್ತಾರೆ ಅನ್ನುವುದಕ್ಕೆ ಅದೇ ವಾಸಿ.

ಇನ್ನೊಂದು ಮಾತು. ಜಾಗ ಉಳಿಸಲು ನಾನು ‘ಡೆಪ್ತ್ 1’ ಕೊಟ್ಟು ಗಿಟ್‌ನಿಂದ ಕೋಡ್ ಕ್ಲೋನ್ (ನಕಲು) ಮಾಡಿದ್ದೆ. ಹಾಗೆ ಮಾಡಿದರೆ ಬದಲಾವಣೆಗಳ ಇತಿಹಾಸವೇ ಇರುವುದಿಲ್ಲ. ಹಳೆಯ ಬರಹಗಳಲ್ಲಿ ಕಂಡ ‘ಜೆನೆರಿಕ್_ಫೈಲ್_ಬಫರ್ಡ್_ರೀಡ್’ ನನ್ನ ಕೋಡ್‌ನಲ್ಲಿ ಇರಲೇ ಇಲ್ಲ. ಪೂರ್ತಿ ಇತಿಹಾಸ ಇಳಿಸಿ ‘ಗಿಟ್ ಲಾಗ್ -ಎಸ್’ ಕೊಟ್ಟಾಗ ಗೊತ್ತಾಯಿತು: 5.12ರಲ್ಲಿ ಅದನ್ನು ‘ಫೈಲ್‌ಮ್ಯಾಪ್_ರೀಡ್’ ಅಂತ ಬದಲಿಸಿದ್ದಾರೆ. ಈ ಇತಿಹಾಸ ಶುರುವಾಗುವುದು 2005ರ ಏಪ್ರಿಲ್‌ನಿಂದ, 2.6.12-ಆರ್‌ಸಿ2 ಇಂದ. ಅದಕ್ಕಿಂತ ಹಿಂದಿನದು ಬೇರೆ ರೆಪೊದಲ್ಲಿದೆ (ಕೋಡ್ ಸಂಗ್ರಹ).

ಈಗ ‘ರೈಟ್’ ಹಿಡಿದಿದ್ದೇನೆ. ಕರೆ ಮುಗಿದರೂ ಡೇಟಾ ಇನ್ನೂ ಡಿಸ್ಕ್ ಸೇರಿರುವುದಿಲ್ಲ, ಅಲ್ವಾ? ಅದನ್ನು ಹುಡುಕಿಕೊಂಡು ‘ಎಫ್‌ಎಸ್-ರೈಟ್‌ಬ್ಯಾಕ್.ಸಿ’ ತನಕ ಬಂದಿದ್ದೇನೆ.