ಜೀವನಾಂಶದ ಅರ್ಜಿಗೆ ನಾನು ಲೆಕ್ಕ ಬರೆದದ್ದು

2022ರ ಆಗಸ್ಟ್‌ನಲ್ಲಿ ಮಧ್ಯಂತರ ಜೀವನಾಂಶಕ್ಕೆ ಅರ್ಜಿ ಸಲ್ಲಿಸಲು ಹೊರಟಾಗ ನಮ್ಮ ವಕೀಲರು ನನ್ನನ್ನು ಮೊದಲು ಕೇಳಿದ ಪ್ರಶ್ನೆ, ಕಳೆದ ತಿಂಗಳು ಹಾಲಿಗೆ ಎಷ್ಟು ಕೊಟ್ಟಿರಿ ಎಂಬುದು. ಹನ್ನೊಂದು ವರ್ಷದ ಸಂಸಾರ ಏಕೆ ಮುರಿಯಿತೆಂದು ಹೇಳಿಕೊಳ್ಳಲು ಎರಡು ರಾತ್ರಿ ಕುಳಿತು ಹದಿನೆಂಟು ಪುಟ ಬರೆದುಕೊಂಡು ಹೋಗಿದ್ದ ನನಗೆ ಆ ಪ್ರಶ್ನೆಯಿಂದ ಸ್ವಲ್ಪ ಅವಮಾನವೇ ಆಯಿತು. ಆ ಹದಿನೆಂಟು ಪುಟಗಳನ್ನು ಅವರು ಬೇರೆ ಕಡತಕ್ಕೆ ಸೇರಿಸಿ, ನನ್ನ ಕೈಗೆ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರದ ನಮೂನೆಯನ್ನು ಕೊಟ್ಟರು.

ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ನೀಡಿದ ತೀರ್ಪಿನ ನಂತರ, ಜೀವನಾಂಶ ಕೇಳುವವರೂ ಕೊಡಬೇಕಾದವರೂ ತಮ್ಮ ಆದಾಯ, ಖರ್ಚು, ಆಸ್ತಿ, ಸಾಲಗಳನ್ನು ಈ ನಮೂನೆಯಲ್ಲಿ ಪ್ರಮಾಣ ಮಾಡಿ ಸಲ್ಲಿಸಬೇಕು. ಕೃಷಿಯನ್ನೇ ನಂಬಿದವರಿಗೆ ಬೇರೆ ನಮೂನೆ ಇದೆ. ನಮ್ಮದು ಹಿಂದೂ ವಿವಾಹ ಕಾಯ್ದೆಯ ಪ್ರಕರಣವಾದ್ದರಿಂದ ಮೊಕದ್ದಮೆ ನಡೆಯುವ ಅವಧಿಯ ಜೀವನಾಂಶಕ್ಕೂ ಮೊಕದ್ದಮೆಯ ವೆಚ್ಚಕ್ಕೂ 24ನೇ ಸೆಕ್ಷನ್, ವಿಚ್ಛೇದನದ ನಂತರದ ಶಾಶ್ವತ ಜೀವನಾಂಶಕ್ಕೆ 25ನೇ ಸೆಕ್ಷನ್. ಈ ಎರಡರಲ್ಲೂ ಗಂಡನೂ ಅರ್ಜಿ ಹಾಕಬಹುದೆಂಬುದು ನನಗೆ ಆಗ ತಿಳಿದ ಸಂಗತಿ. ಎಲ್ಲ ಧರ್ಮದವರಿಗೂ ಅನ್ವಯಿಸುವ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಬೇರೆ ದಾರಿ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಒಂದಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕಬಹುದಾದರೂ ಒಂದು ಕಡೆ ಆದೇಶವಾದ ಮೊತ್ತವನ್ನು ಇನ್ನೊಂದು ಕಡೆ ತಿಳಿಸಲೇಬೇಕು, ಅದನ್ನು ಹೊಂದಿಸಿಕೊಂಡೇ ಮುಂದಿನ ಆದೇಶವಾಗುತ್ತದೆ.

ಖರ್ಚಿನ ಕಾಲಂನಲ್ಲಿ ನಾನು ಮೊದಲು ಅಂದಾಜಿನ ಮೇಲೆ ತಿಂಗಳಿಗೆ 35,000 ರೂಪಾಯಿ ಎಂದು ಬರೆದೆ. ಬಾಡಿಗೆ, ದಿನಸಿ, ಗ್ಯಾಸ್, ಕರೆಂಟ್ ಬಿಲ್ಲು ಎಲ್ಲವೂ ಅದರಲ್ಲಿದ್ದವು. ವಕೀಲರು ಅದನ್ನು ನೋಡಿ, "ಮಗಳ ಸ್ಕೂಲ್ ಫೀಸು ಎಲ್ಲಿ ಹೋಯ್ತಮ್ಮಾ?" ಎಂದರು. ವರ್ಷಕ್ಕೊಮ್ಮೆ ಕಟ್ಟುವ ಹಣ ತಿಂಗಳ ಲೆಕ್ಕಕ್ಕೆ ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಶಾಲೆಯ ಶುಲ್ಕ 72,000, ಆರೋಗ್ಯ ವಿಮೆಯ ಕಂತು 18,000, ಶಾಲಾ ವ್ಯಾನಿಗೆ 15,000, ಜೂನ್ ತಿಂಗಳ ಸಮವಸ್ತ್ರ ಮತ್ತು ಪುಸ್ತಕಕ್ಕೆ 9,000. ಒಟ್ಟು 1,14,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,500. ಅದನ್ನು ಸೇರಿಸಿದಾಗ ನಮ್ಮಿಬ್ಬರ ನಿಜವಾದ ಖರ್ಚು 44,500 ಆಗಿತ್ತು. ಪ್ರತಿ ಸಾಲಿನ ಎದುರಿಗೂ ರಸೀದಿಯ ಪುಟಸಂಖ್ಯೆ ಬರೆದೆ. ರಸೀದಿ ಇಲ್ಲದ ತರಕಾರಿ, ಆಟೋ ಖರ್ಚುಗಳಿಗೆ ಮೂರು ತಿಂಗಳು ಬರೆದಿಟ್ಟ ನೋಟ್‌ಬುಕ್ಕಿನ ಪ್ರತಿಯನ್ನು ಲಗತ್ತಿಸಿದೆ.

ಆದಾಯದ ಕಾಲಂನಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಖಾಸಗಿ ಶಾಲೆಯಲ್ಲಿ ನನಗೆ ಬರುತ್ತಿದ್ದ 19,000 ರೂಪಾಯಿ ಸಂಬಳವನ್ನು ಮಾತ್ರ ಬರೆದಿದ್ದೆ. ಬ್ಯಾಂಕ್ ಸ್ಟೇಟ್‌ಮೆಂಟ್ ತಿರುವಿ ಹಾಕುತ್ತಿದ್ದ ವಕೀಲರು ಒಂದು ಕಡೆ ಬೆರಳಿಟ್ಟು, "ಪ್ರತಿ ತಿಂಗಳು ಐದನೇ ತಾರೀಕಿನ ಹೊತ್ತಿಗೆ ಹತ್ತು ಜನ ಎಂಟುನೂರು ಎಂಟುನೂರು ಕಳಿಸ್ತಾರಲ್ಲ, ಇವರೆಲ್ಲ ಯಾರು?" ಎಂದು ಕೇಳಿದರು. ಸಂಜೆ ಮನೆಗೆ ಪಾಠಕ್ಕೆ ಬರುವ ಮಕ್ಕಳ ತಂದೆತಾಯಂದಿರು. ಆ 8,000 ತೋರಿಸಿದರೆ ಜೀವನಾಂಶವೇ ಸಿಗುವುದಿಲ್ಲವೆಂದು ಹೆದರಿ ನಾನು ಬಿಟ್ಟಿದ್ದೆ. ಹೆಂಡತಿ ದುಡಿಯುತ್ತಾಳೆಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲವೆಂದು ಅದೇ 2020ರ ತೀರ್ಪು ಹೇಳಿದೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದರೆ ಮಾತ್ರ ಪಾಟೀಸವಾಲಿನಲ್ಲಿ ಸಿಕ್ಕಿಬಿದ್ದು, ಉಳಿದ ನಿಜಗಳ ಮೇಲೂ ನ್ಯಾಯಾಧೀಶರಿಗೆ ನಂಬಿಕೆ ಹೋಗುತ್ತಿತ್ತು. 27,000 ಎಂದು ತಿದ್ದಿ ಬರೆದೆ. ಕೊರತೆ 17,500 ಎಂಬುದು ಯಾರ ಕಣ್ಣಿಗೂ ಕಾಣುವಂತೆ ಹಾಳೆಯ ಮೇಲೆ ನಿಂತಿತು.

ಗಂಡನ ಕಡೆಯ ಪ್ರಮಾಣಪತ್ರ ಬಂದಾಗ ಸಂಬಳದ ಚೀಟಿಯಲ್ಲಿ ಕೈಗೆ ಬರುವ ಮೊತ್ತ 68,000 ಎಂದಿತ್ತು. ವರ್ಷದ ಸಂಬಳ ಮತ್ತು ತೆರಿಗೆ ಕಡಿತದ ಬಗ್ಗೆ ಕಂಪನಿ ಕೊಡುವ ಪ್ರಮಾಣಪತ್ರವಾದ ಫಾರ್ಮ್ 16 ಸಲ್ಲಿಸಲು ನಿರ್ದೇಶನ ಕೋರಿ ನಾವು ಅರ್ಜಿ ಹಾಕಿದ ಮೇಲೆ ವರ್ಷದ ಒಟ್ಟು ಸಂಬಳ 15 ಲಕ್ಷವೆಂದು ಹೊರಬಿತ್ತು. ಆದಾಯ ತೆರಿಗೆ ಮತ್ತು ಕಡ್ಡಾಯ ಭವಿಷ್ಯನಿಧಿಯ ಕಡಿತ ಸುಮಾರು 25,000. ಅದನ್ನು ಕಳೆದರೂ ತಿಂಗಳಿಗೆ ಒಂದು ಲಕ್ಷ ಉಳಿಯುತ್ತಿತ್ತು. ಉಳಿದ 32,000 ಸ್ವಇಚ್ಛೆಯಿಂದ ಹೆಚ್ಚಿಸಿಕೊಂಡ ಭವಿಷ್ಯನಿಧಿಗೂ ಸಹಕಾರ ಸಂಘದ ಸಾಲದ ಕಂತಿಗೂ ಹೋಗುತ್ತಿತ್ತು. ಕಾನೂನು ಕಡ್ಡಾಯ ಮಾಡಿದ ಕಡಿತಗಳನ್ನು ಬಿಟ್ಟು ಇಂಥ ಕಡಿತಗಳನ್ನು ತೋರಿಸಿ ಆದಾಯ ಕಡಿಮೆಯೆಂದು ವಾದಿಸುವುದಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ಮಣೆ ಹಾಕುವುದಿಲ್ಲ. ಜಮೀನಿನ ಕಾಲಂನಲ್ಲಿ ‘ಇಲ್ಲ’ ಎಂದಿತ್ತು. ಹಳೆಯ ಕಂದಾಯ ರಸೀದಿಯೊಂದರಲ್ಲಿ ಸರ್ವೆ ನಂಬರು ಸಿಕ್ಕಿದ್ದರಿಂದ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಸಿದೆ. ಅಡಿಕೆ ತೋಟ ತಂದೆ ಮತ್ತು ಇಬ್ಬರು ಗಂಡುಮಕ್ಕಳ ಹೆಸರಿನಲ್ಲಿ ಜಂಟಿಯಾಗಿತ್ತು. ತೋಟವೆಲ್ಲ ಅವರದೇ ಎಂದು ನಾವು ವಾದಿಸಲಿಲ್ಲ, ‘ಇಲ್ಲ’ ಎಂಬುದು ಸರಿಯಲ್ಲವೆಂದಷ್ಟೇ ತೋರಿಸಿದೆವು.

ಇಂಥ ಅರ್ಜಿಯನ್ನು ನೋಟಿಸ್ ತಲುಪಿದ ಅರವತ್ತು ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾಯ್ದೆಯಲ್ಲಿದೆ. ನನಗೆ ಹನ್ನೊಂದು ತಿಂಗಳು ಹಿಡಿಯಿತು. ಆದೇಶದಲ್ಲಿ ನನಗೆ 8,000, ಮಗಳಿಗೆ 12,000 ಎಂದಾಯಿತು. ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕೆಂಬ ನಿಯಮದಿಂದಾಗಿ 2,20,000 ರೂಪಾಯಿ ಬಾಕಿಯೂ ಸೇರಿತು. ಈ ಹನ್ನೊಂದು ತಿಂಗಳಲ್ಲಿ ನಮ್ಮಣ್ಣ ಬಂದಾಗಲೆಲ್ಲ, "ಆ ಹಂಗಿನ ದುಡ್ಡು ನಿಂಗ್ಯಾಕೆ, ನಾವು ಸತ್ತಿದೀವಾ?" ಎನ್ನುತ್ತಿದ್ದ. ಅಣ್ಣನ ಮನೆಯ ಹಂಗಿಗೆ ಯಾವ ಸೆಕ್ಷನ್ನೂ ಇಲ್ಲವೆಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

2024ರ ಆರಂಭದಲ್ಲಿ ಪ್ರಕರಣ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಯಿತು. ನಾಲ್ಕು ಬಾರಿ ಕುಳಿತು ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಒಪ್ಪಿದೆವು. ನನಗೆ ಒಂದೇ ಗಂಟಿನಲ್ಲಿ 12 ಲಕ್ಷ ಕೊಡುವುದಾಗಿ ಅವರು ಹೇಳಿದಾಗ, ಕೇಳಲು ದೊಡ್ಡದೆನಿಸಿದ ಆ ಮೊತ್ತವನ್ನು ನಾನು ತಿಂಗಳ ಭಾಷೆಗೆ ಇಳಿಸಿದೆ. ಶೇ. 7ರ ಬಡ್ಡಿಯಲ್ಲಿ ತಿಂಗಳಿಗೆ 8,000 ಬರಬೇಕಾದರೆ ಸುಮಾರು 13.7 ಲಕ್ಷ ಠೇವಣಿ ಬೇಕು, ಅದೂ ಬೆಲೆಗಳು ಏರದೆ ಇದ್ದರೆ. ಹಾಗೆಂದು ತಿಂಗಳ ಜೀವನಾಂಶವೇ ಲೇಸೆನ್ನಲೂ ಆಗದು. ಪರಿಸ್ಥಿತಿ ಬದಲಾದರೆ ಅದನ್ನು ಕಡಿಮೆ ಮಾಡಿಸಲು ಅವರಿಗೆ ಅವಕಾಶವಿದೆ, ತಪ್ಪಿದಾಗಲೆಲ್ಲ ವಸೂಲಿಗೆ ನಾನು ಅಲೆಯಬೇಕು, ತೆರಿಗೆಯ ಲೆಕ್ಕದಲ್ಲೂ ಅದು ನನ್ನ ಆದಾಯವೆನಿಸುತ್ತದೆ. ಕೊನೆಗೆ ನನ್ನ ಪಾಲಿಗೆ 18 ಲಕ್ಷ, ಮಗಳಿಗೆ ಎರಡು ವರ್ಷಕ್ಕೊಮ್ಮೆ ಶೇ. 10 ಏರುವ ತಿಂಗಳ 12,000 ಎಂದು ತೀರ್ಮಾನವಾಯಿತು. ನನ್ನ ಒಡವೆಗಳು ಸ್ತ್ರೀಧನ, ಅಂದರೆ ನನ್ನದೇ ಸ್ವತ್ತು, ಆದ್ದರಿಂದ ಅವನ್ನು ಈ ಮೊತ್ತದೊಳಗೆ ಸೇರಿಸಲು ಬಿಡದೆ ಬೇರೆ ಪಟ್ಟಿ ಮಾಡಿಸಿದೆ. ಅರ್ಧ ಹಣ ಜಂಟಿ ಅರ್ಜಿ ಹಾಕುವ ದಿನ, ಉಳಿದರ್ಧ ನ್ಯಾಯಾಲಯದಲ್ಲಿ ನಾವು ಕೊಡುವ ಕೊನೆಯ ಹೇಳಿಕೆಗೆ ಮೊದಲು ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಎಂದು ಬರೆಸಿದೆವು.

ಒಪ್ಪಂದದ ಕರಡಿನ ಏಳನೆಯ ಕಂಡಿಕೆಯಲ್ಲಿ ‘ಅರ್ಜಿದಾರಳು ಮತ್ತು ಮಗಳು ಮುಂದೆ ಯಾವುದೇ ಜೀವನಾಂಶ ಕೇಳುವಂತಿಲ್ಲ’ ಎಂದಿತ್ತು. ಹಣದ ಕಂಡಿಕೆಗಳನ್ನೆಲ್ಲ ಮೂರು ಸಲ ಓದಿದ್ದ ನಾನು ಈ ಸಾಲನ್ನು ಸಹಿ ಹಾಕುವ ಹೊತ್ತಿಗೆ ಗಮನಿಸಿದೆ. ನನ್ನ ಹಕ್ಕನ್ನು ನಾನು ಬಿಟ್ಟುಕೊಡಬಹುದು, ಮಗುವಿನದನ್ನು ಬಿಟ್ಟುಕೊಡಲು ನನಗೆ ಅಧಿಕಾರವಿಲ್ಲ. ‘ಮತ್ತು ಮಗಳು’ ಎಂಬ ಎರಡು ಪದಗಳ ಮೇಲೆ ಗೆರೆ ಎಳೆಸಿದೆ. ಅವರೂ ತಕರಾರು ಮಾಡಲಿಲ್ಲ. ಅಂಚಿನಲ್ಲಿ ಇಬ್ಬರೂ ಸಹಿ ಮಾಡಿದೆವು.