ಸ್ಕ್ಯಾನ್‌ನಲ್ಲಿ ಮಗುವಿನ ಕಿಡ್ನಿ ಊದಿದೆ ಅಂದರೆ ರಿಪೋರ್ಟ್ ಓದುವುದು ಹೀಗೆ

ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣೂ ಹೋಗುವುದು ಮಿಲಿಮೀಟರ್ ಮೇಲೆ. ಸ್ವಲ್ಪ ತಡೀರಿ. ಸ್ಕ್ಯಾನ್ ಆದಾಗ ಬಸಿರಿಗೆ ಎಷ್ಟು ವಾರ ಆಗಿತ್ತು ಅಂತ ಮೊದಲು ನೋಡಿ. ವಾರ ಗೊತ್ತಿಲ್ಲದೆ ಆ ಅಂಕಿಗೆ ಬೆಲೆಯೇ ಇಲ್ಲ.

ಕಿಡ್ನಿಯಲ್ಲಿ ತಯಾರಾದ ಮೂತ್ರ ಕೆಳಗಿಳಿಯುವ ಮುಂಚೆ ಬಂದು ಸೇರುವ ಜಾಗ ಇದೆಯಲ್ಲ, ಅದಕ್ಕೆ ಪೆಲ್ವಿಸ್ ಅಂತಾರೆ. ಅಳೆಯುವುದು ಅದನ್ನೇ, ಮುಂದಿನಿಂದ ಹಿಂದಕ್ಕೆ ಎಷ್ಟು ಅಗಲ ಅಂತ. ರಿಪೋರ್ಟಿನಲ್ಲಿ ಎಪಿಡಿ ಅಂತ ಇರುತ್ತದೆ. ಮಗುವಿನ ಬೆನ್ನು ನೇರ ಮೇಲಕ್ಕೋ ಕೆಳಕ್ಕೋ ಇದ್ದರೆ ಅಳತೆ ಸರಿಯಾಗಿ ಬರುತ್ತದೆ. ವಾರೆಯಾಗಿ ಮಲಗಿದ್ದರೆ ಕಷ್ಟ, ಅದಕ್ಕೇ ಕೆಲವು ಸಲ ‘ಸ್ವಲ್ಪ ಓಡಾಡಿ ಬನ್ನಿ’ ಅಂತ ಹೊರಗೆ ಕಳಿಸುತ್ತಾರೆ.

ಈಗ ಲೆಕ್ಕ. 16ರಿಂದ 27 ವಾರದವರೆಗೆ 4 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾರ್ಮಲ್. 28 ವಾರದಿಂದ ಆಚೆಗೆ 7ಕ್ಕಿಂತ ಕಡಿಮೆ ಇದ್ದರೂ ನಾರ್ಮಲ್. 20ನೇ ವಾರದಲ್ಲಿ 5 ಮಿ.ಮೀ. ಅಂದರೆ ಸ್ವಲ್ಪ ಜಾಸ್ತಿ, ಅದೇ 5 ಮಿ.ಮೀ. 30ನೇ ವಾರದಲ್ಲಿ ಏನೂ ಅಲ್ಲ. 2014ರಲ್ಲಿ ಬೇರೆ ಬೇರೆ ತಜ್ಞರ ಸಂಘಗಳು ಸೇರಿ ಒಪ್ಪಿಕೊಂಡ ಯುಟಿಡಿ ಅನ್ನುವ ವಿಂಗಡಣೆ ಇದು. 27 ವಾರದವರೆಗೆ 4ರಿಂದ 7ರೊಳಗೆ, ಆಮೇಲೆ 7ರಿಂದ 10ರೊಳಗೆ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಎ1, ಅಂದರೆ ಕಡಿಮೆ ಅಪಾಯದ ಗುಂಪು. ಅದಕ್ಕಿಂತ ಜಾಸ್ತಿ ಇದ್ದರೆ ಎ2-3. ಅಂಕಿ ಚಿಕ್ಕದಿದ್ದೂ ಬೇರೇನಾದರೂ ಕೆಟ್ಟಿದ್ದರೆ ಆಗಲೂ ಎ2-3.

ಆ ‘ಬೇರೇನಾದರೂ’ ಇದೆಯಲ್ಲ, ನನ್ನನ್ನು ಕೇಳಿದರೆ ಅಂಕಿಗಿಂತ ಮುಖ್ಯ ಅದೇ.

ಮೊದಲು ಮಗುವಿನ ಸುತ್ತಲಿನ ನೀರು. ಹೆಚ್ಚುಕಡಿಮೆ 16 ವಾರದ ನಂತರ ಆ ನೀರಿನಲ್ಲಿ ಬಹುಪಾಲು ಮಗುವಿನ ಮೂತ್ರವೇ. ಹಾಗಾಗಿ ನೀರು ಸಾಕಷ್ಟಿದೆ ಅಂದರೆ ಕನಿಷ್ಠ ಒಂದು ಕಿಡ್ನಿಯಾದರೂ ಕೆಲಸ ಮಾಡುತ್ತಿದೆ, ದಾರಿಯೂ ತೆರೆದಿದೆ ಅಂತ ಸಾಮಾನ್ಯವಾಗಿ ತಿಳಿಯಬಹುದು. ಅತಿ ಆಳದ ಪಾಕೆಟ್, ಅಂದರೆ ನೀರು ಎಲ್ಲಕ್ಕಿಂತ ಆಳವಾಗಿ ನಿಂತ ಜಾಗ, 2 ಸೆಂ.ಮೀ.ಗಿಂತ ಕಡಿಮೆ ಇದ್ದರೆ ನೀರು ಕಡಿಮೆ ಅಂತ ಲೆಕ್ಕ. ಬೇಗನೆ, ತೀರಾ ಕಡಿಮೆಯಾದರೆ ಶ್ವಾಸಕೋಶ ಬೆಳೆಯುವುದೇ ಕಷ್ಟ, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಆಮೇಲೆ ಮೂತ್ರಕೋಶ. ಅದು ಸುಮಾರು ಅರ್ಧ ಗಂಟೆಗೊಮ್ಮೆ ತುಂಬಿ ಖಾಲಿಯಾಗುತ್ತಿರುತ್ತದೆ, ಮೊದಲ ನೋಟಕ್ಕೆ ಕಾಣದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತಾರೆ. ಸದಾ ತುಂಬಿಕೊಂಡೇ ಇದ್ದು, ಗೋಡೆ ದಪ್ಪವಾಗಿ, ಕೆಳಗಿನ ಮೂತ್ರದ ದಾರಿಯೂ ಊದಿ ಬೀಗದ ಕಿಂಡಿಯ ಆಕಾರ ಕಂಡರೆ ಅದು ಬೇರೆ ವಿಷಯ. ಗಂಡು ಮಕ್ಕಳಲ್ಲಿ ಆ ದಾರಿಗೆ ಅಡ್ಡ ಬರುವ ಪೊರೆಯ ಅನುಮಾನ ಬರುತ್ತದೆ, ಕಾಯುತ್ತಾ ಕೂರದೆ ತಜ್ಞರನ್ನು ನೋಡಬೇಕು. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳ ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಕಾಣುವುದೇ ಇಲ್ಲ. ಕಂಡಿದೆ ಅಂತ ಬರೆದಿದ್ದರೆ ಯಾಕೆ ಅಂತ ಕೇಳಿ.

ಕಿಡ್ನಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನೀರುಗುಳ್ಳೆಗಳು ತುಂಬಿದ್ದರೆ ಅದು ಬರೀ ಊತ ಅಲ್ಲ, ಆ ಕಿಡ್ನಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಇನ್ನೊಂದು ಕಿಡ್ನಿ ಹೇಗಿದೆ? ಒಂದು ಕಿಡ್ನಿ ಕಾಣಲೇ ಇಲ್ಲ ಅಂದರೂ ಗಾಬರಿ ಬೇಡ, ಕೆಳಗೆ ಸೊಂಟದ ಭಾಗದಲ್ಲಿ ಕೂತಿರಬಹುದು, ಅಲ್ಲಿ ಹುಡುಕಿದ್ದಾರಾ, ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ರಕ್ತನಾಳ ನೋಡಿದ್ದಾರಾ ಅಂತ ವಿಚಾರಿಸಿ. ನೀರು ತೀರಾ ಕಡಿಮೆ ಇದ್ದು ಅಲ್ಟ್ರಾಸೌಂಡ್‌ನಲ್ಲಿ ಸ್ಪಷ್ಟ ಕಾಣದಿದ್ದರೆ ಎಂಆರ್‌ಐ ಮಾಡಿಸಬಹುದು. ಅದರಲ್ಲಿ ಎಕ್ಸ್‌ರೇ ತರಹದ ವಿಕಿರಣ ಇಲ್ಲ, ಚಿತ್ರ ಎದ್ದು ಕಾಣಲೆಂದು ಹಾಕುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಿಲ್ಲ. ಎ1 ಇರುವವರಿಗೆಲ್ಲ ಸುಮ್ನೆ ಬೇಕಾಗಿಲ್ಲ.

ಸಣ್ಣ ಊತ ಡೌನ್ ಸಿಂಡ್ರೋಮ್‌ನ ಸಾಧ್ಯತೆಯನ್ನು ಸ್ವಲ್ಪ ಏರಿಸುತ್ತದೆ ನಿಜ. ಆದರೆ ಅದೊಂದನ್ನೇ ಹಿಡಿದು ಕೂರಬೇಡಿ, ಮುಂಚಿನ ಸ್ಕ್ರೀನಿಂಗ್ ಫಲಿತಾಂಶದ ಜೊತೆ ಇಟ್ಟು ನೋಡಬೇಕು.

ಮುಂದೇನು ಅಂದರೆ, ಎ1ಗೆ 32 ವಾರ ಆದ ಮೇಲೆ ಇನ್ನೊಂದು ಸ್ಕ್ಯಾನ್. ಬಹಳಷ್ಟು ಸಣ್ಣ ಊತ ತಾನಾಗಿಯೇ ಇಳಿಯುತ್ತದೆ. ಎ2-3ಕ್ಕೆ 4ರಿಂದ 6 ವಾರಕ್ಕೊಮ್ಮೆ, ಜೊತೆಗೆ ಮಕ್ಕಳ ಕಿಡ್ನಿ ಡಾಕ್ಟರ ಭೇಟಿ.

ಹೆರಿಗೆ ಆದ ದಿನವೇ ಸ್ಕ್ಯಾನ್ ಮಾಡಿಸಿ ‘ಎಲ್ಲಾ ಸರಿ ಇದೆ’ ಅಂತ ನಿಶ್ಚಿಂತೆಯಾಗುವವರು ಇದ್ದಾರೆ. ಮೊದಲ ಎರಡು ದಿನ ಮಗುವಿಗೆ ಮೂತ್ರವೇ ಕಡಿಮೆ, ಊತ ಇದ್ದರೂ ಚಿಕ್ಕದಾಗಿ ಕಾಣುತ್ತದೆ. 48 ಗಂಟೆ ಕಳೆದ ಮೇಲೆ, ಒಂದು ತಿಂಗಳೊಳಗೆ ಮಾಡಿಸಿ. ಎರಡೂ ಕಡೆ ಜೋರಾಗಿ ಊದಿದ್ದರೆ, ನೀರು ಕಡಿಮೆ ಇದ್ದಿದ್ದರೆ, ಆ ಪೊರೆಯ ಅನುಮಾನ ಇದ್ದರೆ ಮಾತ್ರ ಕಾಯಬಾರದು. ಮೊದಲನೆಯದು ನಾರ್ಮಲ್ ಬಂದರೂ ಕೆಲವು ತಿಂಗಳು ಬಿಟ್ಟು ಎರಡನೆಯದನ್ನು ತಪ್ಪಿಸಬೇಡಿ. ಹಳೆಯ ರಿಪೋರ್ಟುಗಳನ್ನು ಮಗುವಿನ ಡಾಕ್ಟರಿಗೆ ಕೊಡಿ. ಈ ಮಕ್ಕಳಿಗೆ ಕಾರಣ ಗೊತ್ತಾಗದ ಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಲೇಬೇಕು ಅಂತ ನೀವೇ ನೆನಪಿಸಿ.