ಚೀಟಿ ಕೈಗೆ ಬಂದ ಮೇಲೆ: ಸಂಧಾನದ ತರಗತಿಗೆ ತಯಾರಾಗುವುದು ಹೀಗೆ

ಎಂಬಿಎ ಕೋರ್ಸಿನಲ್ಲಿ ಸಂಧಾನ ಕಲಿಸುವುದು ಹೆಚ್ಚಾಗಿ ರೋಲ್ ಪ್ಲೇ ಮೂಲಕ. ಇಬ್ಬರಿಗೂ ಬೇರೆ ಬೇರೆ ಗುಟ್ಟಿನ ಚೀಟಿ, ಅದರಲ್ಲಿ ಅವರವರ ಪಾತ್ರದ ವಿವರ. ಒಬ್ಬ ಹಳೇ ಸ್ಕೂಟರ್ ಮಾರಬೇಕು, ಇನ್ನೊಬ್ಬಳು ಕೊಳ್ಳಬೇಕು. ಚೀಟಿ ಸಿಕ್ಕ ತಕ್ಷಣ ಚೌಕಾಸಿಗೆ ಇಳಿಯುವವರೇ ಜಾಸ್ತಿ. ಎಡವುವುದೂ ಅಲ್ಲೇ.

ಮೊದಲು ಚೀಟಿಯನ್ನು ಎರಡು ಸಲ ಓದಿ.

ಆಮೇಲೆ 'ಬಾಟ್ನಾ' ಲೆಕ್ಕ. ಹಾರ್ವರ್ಡ್‌ನ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಚಾಲ್ತಿಗೆ ತಂದ ಮಾತಿದು. ಈ ವ್ಯವಹಾರ ಕುದುರದಿದ್ದರೆ ನನಗಿರುವ ದಾರಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು? ಅಷ್ಟೇ. ಮಾರುವವನಿಗೆ ಶೋರೂಮಿನಲ್ಲಿ ಎಕ್ಸ್‌ಚೇಂಜಿಗೆ 32,000 ಕೊಡುತ್ತಾರೆ ಅಂತಿಟ್ಟುಕೊಳ್ಳಿ. ಅದು ಅವನ ಬಾಟ್ನಾ. ಕೊಳ್ಳುವವಳಿಗೆ ಅಂಥದ್ದೇ ಇನ್ನೊಂದು ಸ್ಕೂಟರ್ 45,000ಕ್ಕೆ ಸಿಗುತ್ತದೆ. ಹಾಗಂತ ಅವಳ ಮಿತಿ 45,000 ಅಲ್ಲ! ಆ ಗಾಡಿಗೆ ಹೊಸ ಟೈರಿಗೆ 3,000 ಬೇಕು. ಈ ಗಾಡಿಯ ಟೈರ್ ಚೆನ್ನಾಗಿದ್ದರೆ 48,000ದವರೆಗೆ ಹೋದರೂ ನಷ್ಟವಿಲ್ಲ. ಮಕ್ಕಳು ಬಿಟ್ಟುಬಿಡುವುದು ಈ ಕೂಡುವ ಕಳೆಯುವ ಕೆಲಸವನ್ನೇ. ಬಾಯಿಲೆಕ್ಕ ಬೇಡ, ಪೆನ್ನಿನಲ್ಲಿ ಬರೆಯಿರಿ. ಬರೆದಿಡದ ಮಿತಿ ಮಾತಿನ ಭರದಲ್ಲಿ ಸಾವಿರ ಸಾವಿರವಾಗಿ ಜಾರುತ್ತದೆ. ಎದುರಿನವರ ಬಾಟ್ನಾ ಏನಿರಬಹುದು ಅಂತಲೂ ಪಕ್ಕದಲ್ಲಿ ಬರೆಯಿರಿ.

ನಡುವೆ ಒಂದು ಮಾತು. 'ಈ ಐದು ಸಾಲು ಹೇಳಿ, ಎದುರಿನವರು ಒಪ್ಪಲೇಬೇಕು' ಎನ್ನುವ ವಿಡಿಯೊ ಕೋರ್ಸುಗಳಿಗೆ ದುಡ್ಡು ಹಾಕಬೇಡಿ. ಎದುರಿನವರ ಚೀಟಿಯಲ್ಲಿ ಏನಿದೆ ಅಂತ ಆ ಸಾಲುಗಳಿಗೆ ಗೊತ್ತಿರುವುದಿಲ್ಲ.

ಕೂತ ಮೇಲೆ ಮೊದಲು ಪ್ರಶ್ನೆ ಕೇಳಿ. ಯಾಕೆ ಮಾರುತ್ತಿದ್ದೀರಿ? ಯಾವಾಗ ಊರು ಬಿಡುತ್ತೀರಿ?

ಬೆಲೆ ಹೇಳುವಾಗ ಒಂದೇ ಅಂಕಿ ಹೇಳಿ. '40ರಿಂದ 45' ಅಂದರೆ ಕೊಳ್ಳುವವಳ ಕಿವಿಗೆ ಬೀಳುವುದು 40 ಮಾತ್ರ. ಹೇಳಿ ಸುಮ್ಮನಿರಿ. ಇದೇ ಎಲ್ಲರಿಗೂ ಕಷ್ಟ. 'ನಲವತ್ನಾಲ್ಕು ಸಾವಿರ' ಅಂದ ಉಸಿರಲ್ಲೇ 'ಸ್ವಲ್ಪ ಹೆಚ್ಚುಕಮ್ಮಿ ಮಾಡ್ಕೊಳ್ಳೋಣ ಬಿಡಿ' ಅಂದುಬಿಡುತ್ತಾರೆ. ಎದುರಿನವರು ಇನ್ನೂ ಬಾಯಿ ತೆರೆದೇ ಇಲ್ಲ, ಅಲ್ವಾ? ನನ್ನ ತರಗತಿಯ ಒಬ್ಬ ಹುಡುಗ ಅಂಕಿ ಹೇಳಿ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತ. ಕೈ ನಡುಗುತ್ತಿತ್ತು, ಮಾತಾಡಲಿಲ್ಲ. ಕೊನೆಗೆ ಎದುರಿದ್ದವಳೇ ಎರಡು ಸಾವಿರ ಏರಿಸಿದಳು.

ಮುಗಿದ ಮೇಲೆ ಚೀಟಿ ಅದಲುಬದಲು ಮಾಡಿಕೊಂಡು ಓದಿ. ಇದನ್ನು ತಪ್ಪಿಸಲೇಬೇಡಿ. ಮೊನ್ನೆ ಒಂದು ಜೋಡಿ ಕೊನೆಯ 500 ರೂಪಾಯಿಗೆ ಹಟ ಹಿಡಿದು ಮಾತು ಮುರಿದುಕೊಂಡಿತ್ತು. ಅವಳ ಚೀಟಿಯಲ್ಲಿ 'ಹೆಲ್ಮೆಟ್ ಕೊಳ್ಳಬೇಕು' ಎಂದಿತ್ತು. ಅವನ ಚೀಟಿಯಲ್ಲಿ 'ಹೊಸ ಹೆಲ್ಮೆಟ್ ಒಂದಿದೆ, ನನಗೆ ಬೇಡ' ಎಂದಿತ್ತು. ಇಬ್ಬರೂ ಕೇಳಿರಲಿಲ್ಲ.